ನಗಲು ಬಿಟ್ಟ ಜಾಗ

ಲಂಡನ್
ಜುಲೈ 11, 1948

ಪ್ರೀತಿಯ ಎಡ್ನಾ,

ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆಂದು ಬೈಯಬೇಡ. ಕಳೆದ ವಾರವಿಡೀ ಒಬ್ಬ ಮನುಷ್ಯನ ಮುಖಕ್ಕೆ ಮಸಿ ಬಳಿಯುವ ಕೆಲಸದಲ್ಲಿದ್ದೆವು, ಅದೂ ಸರ್ಕಾರದ ಖರ್ಚಿನಲ್ಲಿ.

ಈ ಸಲದ ವಿಷಯ ನಿನಗೆ ಗೊತ್ತಿರುವುದೇ. ಬೆಳಿಗ್ಗೆ ಕಲ್ಲಿದ್ದಲು ಹತ್ತಿಕೊಳ್ಳದಿದ್ದಾಗ ಬೆಂಕಿಗೂಡಿನ ಬಾಯಿಗೆ ಪತ್ರಿಕೆಯ ಹಾಳೆ ಅಡ್ಡ ಹಿಡಿದು ಗಾಳಿ ಎಳೆಸುತ್ತೇವಲ್ಲ, ಅದು. ಅಪ್ಪ ದಿನಾ ಮಾಡುವುದು, ಇಡೀ ದೇಶ ದಿನಾ ಮಾಡುವುದು. ಹೀಗೆ ಮಾಡಿ ಪ್ರತಿ ಚಳಿಗಾಲದಲ್ಲೂ ಒಂದಷ್ಟು ಮನೆಗಳು ಸುಟ್ಟುಹೋಗುತ್ತವೆ. ಸರ್ಕಾರದ ಪ್ರಚಾರ ಇಲಾಖೆಯವರಿಗೆ ಇದು ನಿಲ್ಲಬೇಕು. ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮುಂಚೆ ತೋರಿಸಲು ಎರಡು ನಿಮಿಷದ ತುಣುಕು ಮಾಡಿಕೊಡಿ ಎಂದರು. ಉಪದೇಶ ಮಾಡಿದರೆ ಜನ ಪಕ್ಕದವರ ಜೊತೆ ಮಾತಿಗೆ ಇಳಿಯುತ್ತಾರೆ, ನಗಿಸಿದರೆ ಪರದೆ ನೋಡುತ್ತಾರೆ. ನಮ್ಮ ಪುಟ್ಟ ಕಂಪನಿ ಬದುಕಿರುವುದೇ ಇದರ ಮೇಲೆ.

ನಮ್ಮ ನಟ ಸಿರಿಲ್ ಮತ್ತೆ ಪಡ್ಡಿಫುಟ್ ಪಾತ್ರ ಮಾಡಿದ್ದಾನೆ. ಹಿಂದಿನ ಚಿತ್ರದಲ್ಲಿ ಸೀನುವುದನ್ನು ಹೇಗೆ ತಡೆಯಬೇಕೆಂದು ತಿಳಿಯದೆ ಬಸ್ಸಿನವರಿಗೆಲ್ಲ ನೆಗಡಿ ಹಂಚಿದನಲ್ಲ, ಅದೇ ಪೆದ್ದ. ಈ ಸಲ ಪಡ್ಡಿಫುಟ್ ಹಾಳೆ ಹಿಡಿಯುತ್ತಾನೆ. ಹಿಂದಿನಿಂದ ಬೆಂಕಿಯ ಬೆಳಕು ಬಿದ್ದು ಅಕ್ಷರ ಚೆನ್ನಾಗಿ ಕಾಣುವುದರಿಂದ ಹಾಗೇ ರಗ್ಬಿ ಸುದ್ದಿ ಓದತೊಡಗುತ್ತಾನೆ. ನಾವು ಗೂಡಿನ ಹಿಂದಿನ ಗೋಡೆ ಒಡೆದು ಕ್ಯಾಮೆರಾವನ್ನು ಒಳಗೆ ಇಟ್ಟಿದ್ದೆವು. ಹಾಳೆಯ ನಡುವೆ ಒಂದು ಕಂದು ಮಚ್ಚೆ. ಅದು ನಿಧಾನವಾಗಿ ಅಗಲವಾಗುತ್ತದೆ, ತೂತಾಗುತ್ತದೆ, ತೂತಿನಲ್ಲಿ ಓದುತ್ತಲೇ ಇರುವ ಪಡ್ಡಿಫುಟ್‌ನ ಮಸಿ ಹಿಡಿದ ಮುಖ. ಅಲ್ಲಿ ಮೊದಲ ನಗು. ಆಮೇಲೆ ಆತ ಕನ್ನಡಕ ತೆಗೆದು, ಒರೆಸಲು ಕರ್ಚೀಫಿಗೆ ಎಲ್ಲ ಜೇಬೂ ತಡಕುತ್ತಾನೆ. ಕನ್ನಡಕ ಇದ್ದ ಕಡೆ ಎರಡು ಬಿಳಿ ಉಂಗುರ ಉಳಿದಿರುವುದನ್ನು ಆಮೇಲೆ ತೋರಿಸುತ್ತೇವೆ. ಅಲ್ಲಿ ಎರಡನೆಯ ನಗು.

ಇಲಾಖೆಯ ಥ್ರೇಲ್ ಸಾಹೇಬರು ಚಿತ್ರ ನೋಡಿ, "ಕರ್ಚೀಫು ಹುಡುಕೋ ಕಡೆ ಏನೂ ನಡೆಯಲ್ವಲ್ಲ, ಕತ್ತರಿಸಿ" ಎಂದರು. "ಅದು ಜನ ನಗಲು ಬಿಟ್ಟ ಜಾಗ ಸಾರ್. ಮೊದಲನೇ ನಗು ತಗ್ಗಿ ಉಸಿರು ತಗೊಳ್ಳದೇ ಇದ್ರೆ ಎರಡನೇದು ಬರಲ್ಲ" ಎಂದೆ. ಅವರು ನಗಲಿಲ್ಲ. ಆದರೆ ಕತ್ತರಿಸಲೂ ಇಲ್ಲ.

ಒಂದು ಗುಟ್ಟು ಹೇಳುತ್ತೇನೆ. ಮಾಮೂಲಿ ಪತ್ರಿಕೆ ಕ್ಯಾಮೆರಾಕ್ಕೆ ಒಗ್ಗಲಿಲ್ಲ, ಭಗ್ಗೆಂದು ಹೋಗಿಬಿಡುತ್ತಿತ್ತು. ಸಿರಿಲ್‌ನ ಹುಬ್ಬು ಸುಟ್ಟಿತು. ಕೊನೆಗೆ ಹಾಳೆಗಳನ್ನು ಬೆಂಕಿ ತಡೆಯುವ ಬಿಳಿಗಾರದ ಪುಡಿ ಕರಗಿಸಿದ ನೀರಿನಲ್ಲಿ ಅದ್ದಿ ಹಗ್ಗದ ಮೇಲೆ ಒಣಗಿಸಿದೆವು. ಈಗ ಜ್ವಾಲೆ ಏಳುವುದಿಲ್ಲ. ಒಳ್ಳೆಯ ಮಗುವಿನ ಹಾಗೆ ಉಂಗುರ ಉಂಗುರವಾಗಿ ಕರಗುತ್ತದೆ. ಅಪ್ಪನಿಗೆ ಮಾತ್ರ ಹೇಳಬೇಡ. ಗುಟ್ಟು ತಿಳಿದರೆ ನಗು ಹೋಗುತ್ತದೆ. ಅವರು ಒಂದು ಸಲವಾದರೂ ನಗಲಿ.

ನಿನ್ನ ಪುಟ್ಟ ಬೆರಿಲ್‌ಗೆ ಮುತ್ತು.

ನಿನ್ನ
ಕ್ಲಿಫ್


ಹ್ಯಾಲಿಫ್ಯಾಕ್ಸ್
ಜುಲೈ 25, 1948

ಪ್ರೀತಿಯ ಕ್ಲಿಫ್,

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ, ಗುಟ್ಟು ಬಿಟ್ಟು. "ಬೆಂಕಿ ಹಚ್ಚೋದು ಹೆಂಗೆ ಅಂತ ಲಂಡನ್ನಿನೋರು ನಂಗೆ ಹೇಳಿಕೊಡ್ತಾರಂತಾ?" ಎಂದರು. ಆಮೇಲೆ, "ಅಂದ್ರೆ ಇನ್ನೂ ಕೋಡಂಗಿ ಕಾರ್ಖಾನೇಲೇ ಇದಾನೆ" ಎಂದರು. ಬೇಸರ ಮಾಡಿಕೊಳ್ಳಬೇಡ. ಮೂವತ್ತು ವರ್ಷ ಈ ಇಳಿಜಾರುಗಳಲ್ಲಿ ಟ್ರಾಮಿನ ಬ್ರೇಕು ಹಿಡಿದವರು, ಒಬ್ಬ ಪ್ರಯಾಣಿಕನಿಗೂ ಗೀರು ಬಿದ್ದಿಲ್ಲ. ಕೈಯಲ್ಲಿ ಹಿಡಿಯಲು ಏನೂ ಇಲ್ಲದ ಕೆಲಸ ಅವರಿಗೆ ಕೆಲಸವಲ್ಲ.

ನಾನು ಜಮಖಾನೆ ಗಿರಣಿಗೆ ಕೆಲಸಕ್ಕೆ ಹೋದ ಮೇಲೆ ಬೆರಿಲ್‌ಗೆ ಅವರೇ ತಂದೆ, ಅವರೇ ತಾಯಿ. ಯುದ್ಧದಲ್ಲಿ ಸಮುದ್ರದ ಪಾಲಾದ ತನ್ನ ಅಪ್ಪನ ಮುಖ ಅವಳಿಗೆ ನೆನಪಿಲ್ಲ. ಮುಂದಿನ ಎರಡು ಹಲ್ಲು ಬಿದ್ದಿವೆ. ತಾತ ಮೊಮ್ಮಗಳು ಒಂದೇ ತರಹ ನಗುತ್ತಾರೆ ಎಂದು ಪಕ್ಕದ ಮನೆಯವರು ಆಡಿಕೊಳ್ಳುತ್ತಾರೆ.

ನಿನ್ನ ಅಕ್ಕ
ಎಡ್ನಾ


ಹ್ಯಾಲಿಫ್ಯಾಕ್ಸ್
ನವೆಂಬರ್ 14, 1948

ಕ್ಲಿಫ್,

ನೋಡಿದೆವು! ನಿನ್ನೆ ಶನಿವಾರ ಇಳಿಜಾರಿನ ಕೆಳಗಿನ ಚಿತ್ರಮಂದಿರದಲ್ಲಿ. ಮುಖ್ಯ ಚಿತ್ರ ಯಾವುದೆಂದೇ ನೆನಪಿಲ್ಲ, ಯಾವುದೋ ಕೌಬಾಯ್. ನಿನ್ನ ಪಡ್ಡಿಫುಟ್ ಬಂದ ಕೂಡಲೇ ಬೆರಿಲ್ ಕುರ್ಚಿಯ ಮೇಲೆ ಎದ್ದು ನಿಂತು, "ನಮ್ಮ ಮಾಮ ಮಾಡಿದ್ದು ಇದು!" ಎಂದು ಕೂಗಿದಳು. ನಾನು ಲಂಗ ಹಿಡಿದು ಕೂರಿಸಿದೆ.

ಅಪ್ಪ ಮೊದಲು ಕೈ ಕಟ್ಟಿಕೊಂಡೇ ಇದ್ದರು. ಕಂದು ಮಚ್ಚೆ ಕಂಡಾಗ, "ಎಳಿ, ಎಳಿಯೋ ದಡ್ಡ" ಎಂದು ಗೊಣಗಿದರು. ಆತ ಎಳೆಯಲಿಲ್ಲ. ಮಚ್ಚೆ ಬೆಳೆಯಿತು. ಅಪ್ಪ ಮುಂದಕ್ಕೆ ಬಗ್ಗಿದರು. ಆ ಮುಖ ತೂತಿನಲ್ಲಿ ಬಂತಲ್ಲ, ಕ್ಲಿಫ್, ಅಪ್ಪ ನಕ್ಕ ನಗುವಿಗೆ ಮುಂದಿನ ಸಾಲಿನವರು ತಿರುಗಿ ನೋಡಿದರು. ಕಣ್ಣಲ್ಲಿ ನೀರು. ಅಮ್ಮ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿಲ್ಲ. ಬಿಳಿ ಉಂಗುರ ಕಂಡಾಗ ಮತ್ತೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೊನೆಯಲ್ಲಿ ಒಂದು ಗಂಡಸಿನ ಧ್ವನಿ ಏನೋ ಹೇಳಿತು, ಆ ಗದ್ದಲದಲ್ಲಿ ನಮಗೆ ಕೇಳಿಸಲಿಲ್ಲ. ಕಾಗದ ಹಿಡಿಯಬೇಡಿ ಎಂದಿರಬೇಕು.

ಮನೆಗೆ ಹತ್ತುವಾಗ ದಾರಿಯುದ್ದಕ್ಕೂ ಅದೇ ಮಾತು.

"ಅರವತ್ತು ವರ್ಷದಿಂದ ಪೇಪರ್ ಹಿಡೀತಿದೀನಿ ಎಡ್ನಾ. ಕಂದು ಆದ್ ತಕ್ಷಣ ಎಳೆದುಬಿಡ್ತೀನಿ. ಆಮೇಲೆ ಏನಾಗುತ್ತೆ ಅಂತ ಒಂದ್ ದಿನಾನೂ ಕಾದು ನೋಡಿಲ್ಲ ನೋಡು."

"ತಾತ, ನೀನೂ ಮಾಡು! ತೂತಲ್ಲಿ ಮುಖ ಮಾಡು!"

"ನನ್ ಮುಖಕ್ಕೆ ಮಸಿ ಬೇರೆ ಬೇಕಾ, ಇರೋದು ಸಾಲದಾ?"

ನನಗೆ ಒಳಗೊಳಗೇ ನಗು. ಗುಟ್ಟು ಬಾಯಿಯ ತನಕ ಬಂದಿತ್ತು. ನೀನು ಬೇಡ ಎಂದಿದ್ದೆಯಲ್ಲ, ಹೇಳಲಿಲ್ಲ. ಅವರ ಸಂತೋಷ ನೋಡಿದ್ದರೆ ನೀನೂ ಹೇಳುತ್ತಿರಲಿಲ್ಲ. ಇವತ್ತು ಪ್ರಾರ್ಥನೆಯ ನಂತರ ಚರ್ಚಿನ ಬಾಗಿಲಲ್ಲಿ ನಿಂತು ಯಾರು ಕೇಳಿದರೂ ಕೇಳದಿದ್ದರೂ, "ಅದು ನಮ್ಮ ಹುಡುಗ ಮಾಡಿದ್ದು" ಎಂದು ಹೇಳುತ್ತಿದ್ದರು.

ಕ್ರಿಸ್‌ಮಸ್‌ಗೆ ಬಾ.

ಎಡ್ನಾ


ಲಂಡನ್
ನವೆಂಬರ್ 28, 1948

ಎಡ್ನಾ,

ನಿನ್ನ ಕಾಗದವನ್ನು ನಾನು ಎಷ್ಟು ಸಲ ಓದಿದೆನೆಂದರೆ ಮಡಿಕೆಯಲ್ಲಿ ಹರಿಯತೊಡಗಿದೆ. ಸಿರಿಲ್‌ಗೂ ಓದಿ ಹೇಳಿದೆ. "ನಿಮ್ಮಪ್ಪ ಟ್ರಾಮ್ ಡ್ರೈವರ್ ಅಂದೆಯಲ್ಲಪ್ಪ, ಅಂಥೋರನ್ನ ನಗಿಸಿದ್ರೆ ಹತ್ತು ಪದಕ ಬಂದಂಗೆ" ಎಂದ.

ಕ್ರಿಸ್‌ಮಸ್‌ಗೆ ಬರಲಾಗುವುದಿಲ್ಲ. ಇಲಾಖೆಯವರು ಇನ್ನೂ ಮೂರು ಚಿತ್ರ ಕೊಟ್ಟಿದ್ದಾರೆ, ಅದೂ ಈ ಬೆಂಕಿ ಚಿತ್ರದ ದೆಸೆಯಿಂದ. ಇದರ ಜೊತೆ ಒಂದು ಫೋಟೋ ಕಳಿಸಿದ್ದೇನೆ. ತೂತಿನಲ್ಲಿ ಸಿರಿಲ್‌ನ ಮುಖ. ಅಪ್ಪನಿಗೆ ಕೊಡು. ಅವರು ಬಯಸಿದರೆ ಗೋಡೆಗೆ ಹಾಕಲಿ.

ಕ್ಲಿಫ್


ಹ್ಯಾಲಿಫ್ಯಾಕ್ಸ್
ಫೆಬ್ರವರಿ 6, 1949

ಕ್ಲಿಫ್,

ಬೆರಿಲ್‌ಳನ್ನು ಮಣ್ಣು ಮಾಡಿ ಎರಡು ವಾರ ಆಗುತ್ತಾ ಬಂತು. ಆ ದಿನ ನೀನು ಬಂದೆ, ಹ್ಯಾಟು ಕೈಯಲ್ಲಿ ಹಿಡಿದು ಗೋಡೆ ಪಕ್ಕ ನಿಂತೆ, ಜನ ಟೀಗೆ ಕೂರುವ ಮುಂಚೆ ರೈಲಿಗೆ ಹೋದೆ. ಹೇಗಾಯಿತು ಎಂದು ನೀನು ಕೇಳಲಿಲ್ಲ. ಬೆಂಕಿಯಿಂದ ಎಂದಷ್ಟೇ ನನ್ನ ತಂತಿಯಲ್ಲಿತ್ತು. ನಿನಗೆ ಅಂದಾಜಾಗಿತ್ತು ಎಂದು ನಿನ್ನ ಮುಖ ನೋಡಿಯೇ ತಿಳಿದೆ. ಆದರೂ ಬರೆಯುತ್ತೇನೆ. ಇದನ್ನು ನೀನು ಅಂದಾಜಿನಲ್ಲಿ ಇಟ್ಟುಕೊಳ್ಳಬಾರದು.

ಭಾನುವಾರ ಬೆಳಿಗ್ಗೆ. ನಾನು ಮಹಡಿಯಲ್ಲಿ ಹಾಸಿಗೆ ಸರಿಮಾಡುತ್ತಿದ್ದೆ. ಕಲ್ಲಿದ್ದಲು ಬರೀ ಪುಡಿ, ಹತ್ತಲಿಲ್ಲ. ಅಪ್ಪ ಪತ್ರಿಕೆ ತೆಗೆದುಕೊಂಡರು. ಬೆರಿಲ್ ರಾತ್ರಿಯ ಫ್ಲಾನೆಲ್ ಅಂಗಿಯಲ್ಲೇ ಇದ್ದಳು. ನನಗೆ ಮೊದಲು ಕೇಳಿಸಿದ್ದು ಅವಳ ನಗು. "ಓದು ತಾತ, ಓದು! ರಗ್ಬಿ ಓದು!" ಅಪ್ಪ ದೊಡ್ಡ ಧ್ವನಿಯಲ್ಲಿ ಯಾವುದೋ ಆಟದ ಸುದ್ದಿ ಓದಿದರು, ನಿನ್ನ ಸಿರಿಲ್‌ನ ಹಾಗೆ ಮೂಗಿನಿಂದ.

ಉಳಿದದ್ದನ್ನು ಅಪ್ಪ ಹೇಳಿದ್ದು. ಕಂದು ಮಚ್ಚೆ ಬಂತು. ಎಳೆಯಲಿಲ್ಲ. ಬೆರಿಲ್ ಗೂಡಿನ ಪಕ್ಕ ಮಂಡಿಯೂರಿ ಬಗ್ಗಿದ್ದಳು, ತಾತನ ಮುಖ ಬೆಂಕಿಯ ಕಡೆಯಿಂದ ಕಾಣಬೇಕೆಂದು. ಚಿತ್ರದಲ್ಲಿ ಆ ಕಡೆಯಿಂದಲೇ ಅಲ್ಲವೇ ತೋರಿಸಿದ್ದು. ತೂತಾಗಲಿಲ್ಲ. ಇಡೀ ಹಾಳೆ ಒಮ್ಮೆಗೇ ಹತ್ತಿಕೊಂಡಿತು. ಆಗ ಎಳೆದರು. ಅವಳಿದ್ದ ಕಡೆಗೇ ಎಳೆದರು.

ಬರಿಗೈಯಲ್ಲಿ ಅವಳ ಅಂಗಿ ಹರಿದು ತೆಗೆದಿದ್ದಾರೆ. ನಾನು ಕೆಳಗಿಳಿದಾಗ ಅವಳನ್ನು ಕೋಟಿನಲ್ಲಿ ಸುತ್ತಿ ಎತ್ತಿಕೊಂಡು ನಿಂತಿದ್ದರು. ಆಸ್ಪತ್ರೆಯಲ್ಲಿ ಗುರುವಾರದವರೆಗೆ ಇದ್ದಳು. ನೀರು ಕೇಳುತ್ತಿದ್ದಳು. ಒಂದು ಸಲ, "ತಾತಂಗೆ ಬೈಬೇಡಮ್ಮ" ಎಂದಳು.

ಅಪ್ಪನ ಎರಡು ಕೈಗೂ ಬಟ್ಟೆ ಕಟ್ಟಿದ್ದಾರೆ. ಬೆರಳು ಮಡಚುವುದು ಕಷ್ಟ ಎಂದಿದ್ದಾರೆ ವೈದ್ಯರು.

ಬಿಳಿಗಾರದ ವಿಷಯ ನನಗೆ ಗೊತ್ತಿತ್ತು. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಎಡ್ನಾ


ಲಂಡನ್
ಫೆಬ್ರವರಿ 20, 1949

ಎಡ್ನಾ,

ಏನು ಬರೆದರೂ ಹರಿದು ಹಾಕುತ್ತಿದ್ದೇನೆ. ಆದ್ದರಿಂದ ಮಾಡಿದ್ದನ್ನಷ್ಟೇ ಬರೆಯುತ್ತೇನೆ.

ಥ್ರೇಲ್ ಅವರ ಬಳಿ ಹೋಗಿ ಚಿತ್ರವನ್ನು ಎಲ್ಲ ಕಡೆಯಿಂದ ವಾಪಸ್ ತರಿಸಿ ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಬಾಗಿಲು ಹಾಕಿ ಬಂದು ನನಗೊಂದು ಸಿಗರೇಟು ಕೊಟ್ಟರು. ಆಮೇಲೆ ಕೇಳಿದರು:

"ಕಾಗದ ಹಿಡೀಬೇಡಿ ಅಂತ ತಾನೇ ಚಿತ್ರ ಹೇಳೋದು?"

"ಹೌದು. ಆದ್ರೆ ತೋರಿಸೋದು ಸುಳ್ಳು. ಅದು ಮದ್ದು ಹಾಕಿದ ಕಾಗದ. ಅಷ್ಟು ನಿಧಾನಕ್ಕೆ ಯಾವ ಕಾಗದಾನೂ ಉರಿಯಲ್ಲ."

"ಕತ್ತಿವರಸೆ ಚಿತ್ರದಲ್ಲಿ ಕತ್ತಿ ಮೊಂಡು ಇರುತ್ತೆ. ಯಾರೂ ದೂರು ಕೊಡಲ್ಲ."

"ಅದು ಕಥೆ ಸಾರ್. ಇದನ್ನ ಜನ ಸರ್ಕಾರ ಹೇಳಿದ್ದು ಅಂತ ನಂಬ್ತಾರೆ."

ಅವರು ಹಂಚಿಕೆಯ ಪಟ್ಟಿ ತೆಗೆದು ತೋರಿಸಿದರು. ಇದುವರೆಗೆ ಯಾವ ಚಿತ್ರಮಂದಿರವೂ ಇಲಾಖೆಯ ಚಿತ್ರವನ್ನು ತಾನಾಗಿ ಕೇಳಿ ಪಡೆದದ್ದಿಲ್ಲವಂತೆ. ಇದನ್ನು ಕೇಳುತ್ತಿದ್ದಾರೆ. ಬರುವ ಚಳಿಗಾಲಕ್ಕೂ ಹಂಚಿಕೆಯಾಗಿದೆ. "ದೂರು ಒಂದೇ ಒಂದು, ಅದೂ ತೆಗೆದವನದ್ದೇ. ನಾನು ಮೇಲಿನವರಿಗೆ ಏನಂತ ಬರೀಲಿ?" ಎಂದರು. ಬಾಗಿಲಿನ ತನಕ ಬಂದು ನನ್ನ ಭುಜ ಮುಟ್ಟಿದರು.

ಅಪ್ಪನಿಗೆ ಬರೆಯಲು ನನ್ನಿಂದ ಆಗುತ್ತಿಲ್ಲ. ಅವರು ಏನಾದರೂ ಕೇಳಿದರಾ?

ಕ್ಲಿಫ್


ಹ್ಯಾಲಿಫ್ಯಾಕ್ಸ್
ಮಾರ್ಚ್ 13, 1949

ಕ್ಲಿಫ್,

ಅಪ್ಪ ಕೇಳುವುದು ಒಂದೇ ಪ್ರಶ್ನೆ, ಅದೂ ನನ್ನನ್ನಲ್ಲ, ತಮ್ಮ ಕೈಗಳನ್ನು. ಬಟ್ಟೆ ಬಿಚ್ಚಿದ್ದಾರೆ. ತಣ್ಣಗಿನ ಬೆಂಕಿಗೂಡಿನ ಮುಂದೆ ಕೂತು ಎರಡೂ ಕೈ ಅಡ್ಡಕ್ಕೆ ಚಾಚುತ್ತಾರೆ, ಹಾಳೆ ಹಿಡಿದಂತೆ. ಎಡಗೈ ಮೇಲೆ, ಬಲಗೈ ಸ್ವಲ್ಪ ಕೆಳಗೆ. "ಇಲ್ಲೇ ಸಡಿಲ ಬಿಟ್ಟೆ. ಈ ಮೂಲೇಲಿ ಗಾಳಿ ಹೊಕ್ಕಿತು" ಎನ್ನುತ್ತಾರೆ. ಮರುದಿನ ಇನ್ನೊಂದು ಮೂಲೆ. ಆ ದಿನದಿಂದ ಮನೆಯಲ್ಲಿ ಬೆಂಕಿ ಹಚ್ಚಿಲ್ಲ, ಹಚ್ಚಲು ಬಿಡುವುದಿಲ್ಲ. ಗ್ಯಾಸಿನ ಒಲೆಯ ಮೇಲೆ ಟೀ ಕಾಯಿಸಿ ಕೋಟು ಹಾಕಿಕೊಂಡೇ ಕುಡಿಯುತ್ತೇವೆ.

ಕಳೆದ ವಾರ ತಡೆಯದೆ ಹೇಳಿಬಿಟ್ಟೆ. ಅದು ಬಿಳಿಗಾರದ ನೀರಿನಲ್ಲಿ ಅದ್ದಿದ ಹಾಳೆ, ಅದಕ್ಕೇ ಹಾಗೆ ಉರಿಯಿತು, ನಿಮ್ಮ ಕೈ ತಪ್ಪಲ್ಲ ಎಂದೆ. ಅವರು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ನಾನು ಯಾರದೋ ಜೇಬಿಗೆ ಕೈ ಹಾಕುವಾಗ ಸಿಕ್ಕಿಬಿದ್ದ ಹಾಗೆ.

"ಸರ್ಕಾರದ ಚಿತ್ರ ಅದು. ಸುಳ್ಳು ತೋರಿಸಿದ್ರೆ ಬಿಡ್ತಾರಾ?"

"ಕ್ಲಿಫೇ ಬರೆದಿದ್ದ ಅಪ್ಪ."

"ನನ್ ಸಮಾಧಾನಕ್ಕೆ ಅಂತ ನಮ್ ಹುಡುಗನ ತಲೆ ಮೇಲೆ ಹಾಕ್ತಿದೀಯ. ಬೇಡ ಎಡ್ನಾ. ಅವನು ಸರಿಯಾಗೇ ತೋರಿಸಿದ್ದ. ನಂಗೆ ಹಿಡಿಯೋಕೆ ಬರ್ಲಿಲ್ಲ."

ನಿನ್ನ ಜುಲೈ ಕಾಗದ ತಂದು ಮುಂದೆ ಇಟ್ಟೆ. ಕನ್ನಡಕ ಹಾಕಿಕೊಳ್ಳಲಿಲ್ಲ. ಇಷ್ಟು ವರ್ಷ ನಿನ್ನ ಕೆಲಸವನ್ನು ಕೆಲಸ ಎನ್ನದವರು, ಈಗ ಅದೊಂದೇ ಸರಿ ಎಂದು ಕೂತಿದ್ದಾರೆ. ಕ್ಲಿಫ್, ಅವರು ಬದುಕುವುದು ಎಷ್ಟು ದಿನವೋ, ಆ ಮಗುವನ್ನು ತಮ್ಮ ಕೈಯೇ ಕೊಂದಿತು ಎಂದುಕೊಂಡು ಬದುಕುತ್ತಾರೆ. ನಾನು ಹೇಳಿದರೆ ನಂಬುವುದಿಲ್ಲ. ನೀನು ಬಂದು ಹೇಳು. ಗೋಡೆ ಪಕ್ಕ ನಿಲ್ಲಲು ಬರಬೇಡ.

ಎಡ್ನಾ


ಲಂಡನ್
ಅಕ್ಟೋಬರ್ 19, 1949

ಎಡ್ನಾ,

ಬೇಸಿಗೆಯೆಲ್ಲ ನಿನ್ನ ಕಾಗದಗಳಿಗೆ ಉತ್ತರಿಸಲಿಲ್ಲ. ಎರಡು ಸಲ ಟಿಕೆಟ್ ಕೊಂಡೆ. ಒಂದು ಸಲ ಲೀಡ್ಸ್‌ವರೆಗೂ ಬಂದೆ, ಅಲ್ಲಿಂದ ವಾಪಸ್ ಬಂದೆ. ಇದಕ್ಕೆ ನಾನು ಕಾರಣ ಹೇಳುವುದಿಲ್ಲ.

ಒಂದು ಹೊಸ ಚಿತ್ರ ಮಾಡಿದೆವು, ಅದೇ ವಿಷಯ, ಮದ್ದು ಹಾಕದ ಹಾಳೆ. ಸಿರಿಲ್ ತಾನೇ ಹಿಡಿಯುತ್ತೇನೆಂದು ಹಟ ಹಿಡಿದ. ಈಗ ಅವನು ಮೊದಲಿನ ಹಾಗಿಲ್ಲ, ಬೀದಿಯಲ್ಲಿ ಮಕ್ಕಳು ಪಡ್ಡಿಫುಟ್ ಎಂದು ಕೂಗಿದರೆ ರಸ್ತೆಯ ಆಚೆ ಬದಿಗೆ ದಾಟುತ್ತಾನೆ. ನಾನು ಬಿಡಲಿಲ್ಲ. ಬಟ್ಟೆ ಅಂಗಡಿಯ ಗೊಂಬೆಗೆ ಕೋಟು ತೊಡಿಸಿ ನಿಲ್ಲಿಸಿದೆವು. ಹಾಳೆ ಹತ್ತಿತು, ಗೊಂಬೆ ಹತ್ತಿತು.

ಇಲಾಖೆಯಲ್ಲಿ ತೋರಿಸಿದೆವು. ಕೊನೆಗೆ ಥ್ರೇಲ್, "ಇದನ್ನ ನೋಡಿದ ಮೇಲೆ ಯಾರಾದ್ರೂ ಮುಖ್ಯ ಚಿತ್ರಕ್ಕೆ ಕೂರ್ತಾರಾ?" ಎಂದರು. ಚಿತ್ರಮಂದಿರದವರು ತೆಗೆದುಕೊಳ್ಳುವುದಿಲ್ಲ ಎಂದರು. ನಿಜವಿರಬಹುದು. ಡಬ್ಬಿ ನಮ್ಮ ಕಪಾಟಿನಲ್ಲಿದೆ. ಹಳೆಯದೇ ಈ ಚಳಿಗಾಲವೂ ಓಡುತ್ತದೆ.

ಅಪ್ಪ ಮಾತು ನಂಬದಿದ್ದರೆ ಕಣ್ಣು ನಂಬಲಿ. ಇದರ ಜೊತೆ ಕಳಿಸಿರುವ ಸುರುಳಿಯಲ್ಲಿ ಆಗ ಉಳಿದಿದ್ದ ಬಿಳಿಗಾರದ ಹಾಳೆಗಳಿವೆ. ಮುಟ್ಟಿ ನೋಡಿದರೆ ಸ್ವಲ್ಪ ಗಡುಸು, ಅಂಚಿನಲ್ಲಿ ಬಿಳಿ ಪುಡಿ ಕೂತಿರುತ್ತದೆ. ಬೇರೇನೂ ವ್ಯತ್ಯಾಸ ಕಾಣುವುದಿಲ್ಲ.

ಕ್ಲಿಫ್


ಹ್ಯಾಲಿಫ್ಯಾಕ್ಸ್
ಅಕ್ಟೋಬರ್ 30, 1949

ಕ್ಲಿಫ್,

ನಿನ್ನ ಕೈಗೆ ಕೊಡಬೇಕಾಗಿದ್ದ ಕೆಲಸವನ್ನು ನಾನು ಮಾಡಿದೆ.

ಸುರುಳಿ ಎರಡು ದಿನ ಮೇಜಿನ ಮೇಲಿತ್ತು. ಮೂರನೆಯ ದಿನ ಅಪ್ಪನೇ ಬಿಚ್ಚಿಸಿದರು. ಹೆಬ್ಬೆರಳಿನ ಪಕ್ಕದಿಂದ ಅಂಚು ಸವರಿದರು, ಬೆರಳ ತುದಿಯಲ್ಲಿ ಅವರಿಗೆ ಸ್ಪರ್ಶ ತಿಳಿಯುವುದಿಲ್ಲ. ಬಿಳಿ ಪುಡಿ ನಾಲಿಗೆಗೆ ಹಚ್ಚಿ ನೋಡಿದರು. ಆಮೇಲೆ, "ಬೆಂಕಿ ಹಚ್ಚು" ಎಂದರು.

ಜನವರಿಯಿಂದ ಮುಟ್ಟದ ಗೂಡು. ಆ ದಿನದ ಬೂದಿ ಹಾಗೇ ಇತ್ತು. ನಾನೇ ಅದನ್ನು ಬಾಚಿ ತೆಗೆದೆ. ಅದರ ಬಗ್ಗೆ ಬರೆಯುವುದಿಲ್ಲ. ಕಡ್ಡಿ ಹತ್ತಿತು, ಕಲ್ಲಿದ್ದಲು ಮೊದಲಿನ ಹಾಗೇ ಮುನಿಸಿಕೊಂಡಿತು. ನಾನು ಹಿಡಿಯುತ್ತೇನೆಂದೆ, ಕೊಡಲಿಲ್ಲ. ಅಂಗೈಗಳ ನಡುವೆ ಒತ್ತಿ ಹಾಳೆ ಎತ್ತಿಕೊಂಡು ಗೂಡಿಗೆ ಅಡ್ಡ ಹಿಡಿದರು. ನಾನು ಬಕೆಟ್ ನೀರು ಇಟ್ಟುಕೊಂಡು ಪಕ್ಕದಲ್ಲಿ ನಿಂತೆ.

ಬೆಂಕಿ ಗೂಡಿನೊಳಗೆ ಮೊರೆಯಿತು. ಕಂದು ಮಚ್ಚೆ ಬಂತು. ಅಪ್ಪ ಎಳೆಯಲಿಲ್ಲ. ಮಚ್ಚೆ ಬೆಳೆಯಿತು, ನಡುವೆ ಕಪ್ಪಾಯಿತು, ತೂತಾಯಿತು. ಜ್ವಾಲೆ ಏಳಲಿಲ್ಲ. ಉಂಗುರ ಅಗಲವಾಗುತ್ತಾ ಹೋಯಿತು, ಚಿತ್ರದಲ್ಲಿ ಹೇಗೋ ಹಾಗೇ. ತೂತಿನಿಂದ ಬೆಳಕು ಬಂದು ಅವರ ಮುಖದ ಮೇಲೆ ಬಿತ್ತು. ಅವರು ನೋಡುತ್ತಲೇ ಇದ್ದರು. ನಾನು ಸಾಕು ಎಂದೆ. ಕೇಳಿಸಿಕೊಳ್ಳಲಿಲ್ಲ.

ಕೊನೆಗೆ ಹೇಳಿದರು:

"ಇಷ್ಟು ಹೊತ್ತು ಎಡ್ನಾ. ಇಷ್ಟು ಹೊತ್ತು ಇದ್ದಿದ್ರೆ ನಾನು ಅವಳನ್ನ ಎತ್ಕೊಂಡು ಬಾಗಿಲಾಚೆ ಇಟ್ಟು ವಾಪಸ್ ಬಂದು ಕೂರ್ತಿದ್ದೆ."

ಅತ್ತರು. ನಾನೂ ಅತ್ತೆ. ಜನವರಿಯಿಂದ ನಾವು ಬೇರೆ ಬೇರೆ ಕೋಣೆಗಳಲ್ಲಿ ಅಳುತ್ತಿದ್ದೆವು. "ಆದ್ರೂ ಎಳೆದದ್ದು ನಾನೇ" ಎಂದರು ಆಮೇಲೆ.

ನಿನ್ನ ಬಗ್ಗೆ ಏನೂ ಹೇಳಲಿಲ್ಲ. ಮಾರನೆಯ ದಿನ ಮಾತ್ರ ಕೇಳಿದರು, "ಆ ಚಿತ್ರ ಇನ್ನೂ ತೋರಿಸ್ತಿದಾರಾ?" ತೋರಿಸುತ್ತಿದ್ದಾರೆ ಎಂದೆ. "ಎಲ್ಲಾ ಕಡೇನೂ?" ಹೌದು ಎಂದೆ. ಗೋಡೆಯಿಂದ ಸಿರಿಲ್‌ನ ಫೋಟೋ ಇಳಿಸಲು ಹೇಳಿದರು.

ಎಡ್ನಾ


ಹ್ಯಾಲಿಫ್ಯಾಕ್ಸ್
ನವೆಂಬರ್ 16, 1949

ಕ್ಲಿಫ್,

ನಿನ್ನ ಪಡ್ಡಿಫುಟ್ ಸೋಮವಾರ ನಮ್ಮ ಚಿತ್ರಮಂದಿರಕ್ಕೆ ವಾಪಸ್ ಬಂದಿದ್ದಾನೆ. ಶನಿವಾರದವರೆಗೆ ಇರುತ್ತಾನೆ.

ಅಪ್ಪ ಪ್ರಾರ್ಥನೆಗೆ ಹಾಕುವ ಕೋಟು ಹಾಕಿಸಿಕೊಂಡರು. ನಾನು ಜೊತೆಗೆ ಹೋದೆ. ನಡುವಿನ ಸಾಲಿನ ತುದಿಯಲ್ಲಿ ಕೂತರು, ಮಡಿಲಲ್ಲಿ ಆ ತೂತಾದ ಹಾಳೆ. ತೂತಿನಲ್ಲಿ ಮುಖ ಬಂದ ಕೂಡಲೇ ಎದ್ದು ನಿಂತು, ಹಾಳೆ ಎತ್ತಿ ಹಿಡಿದು, "ಅದು ಮದ್ದು ಹಾಕಿದ ಪೇಪರ್! ನಿಮ್ಮನೇದು ಹಂಗೆ ಉರಿಯಲ್ಲ!" ಎಂದರು. ಅಪ್ಪನ ಧ್ವನಿ ನಿನಗೆ ಗೊತ್ತಲ್ಲ, ಟ್ರಾಮಿನ ಗಂಟೆಯನ್ನು ಮೀರಿಸುತ್ತಿತ್ತು. ಮೊದಲಿನ ನಗುವಿನಲ್ಲಿ ಅದು ಮುಳುಗಿಹೋಯಿತು. ಕೇಳಿಸಿದ್ದು ಅಕ್ಕಪಕ್ಕದವರಿಗೆ ಮಾತ್ರ. ಅವರು ಇನ್ನೂ ಜೋರಾಗಿ ನಕ್ಕರು. ಕೈಯಲ್ಲಿ ತೂತಾದ ಹಾಳೆ ಹಿಡಿದ ಮುದುಕ, ತಮಾಷೆಯ ಭಾಗವೆಂದುಕೊಂಡರು. ಹಿಂದಿನಿಂದ ಯಾರೋ ಕೂಗಿದ: "ಕೂತ್ಕೊಳೋ ಪಡ್ಡಿಫುಟ್!"

ಇಡೀ ಚಿತ್ರಮಂದಿರ ನಕ್ಕಿತು. ಅಪ್ಪ ನಿಂತೇ ಇದ್ದರು. ಮ್ಯಾನೇಜರ್ ಕ್ರೌದರ್ ಬಂದು ತೋಳು ಹಿಡಿದು ಹೊರಗೆ ಕರೆದೊಯ್ದ. ಅಪ್ಪನ ಕೈ ನೋಡಿದ ಮೇಲೆ ತೋಳು ಬಿಟ್ಟ. "ನಂಗೇನೂ ಮಾಡಕ್ಕಾಗಲ್ಲ ಯಜಮಾನ್ರೇ, ಮೇಲಿಂದ ಕಳಿಸ್ತಾರೆ, ಹಾಕ್ತೀವಿ" ಎಂದ. ನಿನ್ನೆಯೂ ಹೋದೆವು. ನಿನ್ನೆ ಎರಡನೆಯ ನಗುವಿನ ಹೊತ್ತಿಗೆ ಎದ್ದರು. ಅದೂ ಹಾಗೇ ಆಯಿತು. ಕ್ರೌದರ್ ನಮ್ಮನ್ನು ಕಂಡೂ ಟಿಕೆಟ್ ಕೊಟ್ಟ, ಬೇಡ ಎನ್ನಲಿಲ್ಲ. ಅಷ್ಟು ಅವನಿಂದಾಯಿತು.

ನಾನು ಸಾಕು ಎಂದೆ, ಊರೆಲ್ಲ ಆಡಿಕೊಳ್ಳುತ್ತಿದೆ ಎಂದೆ. "ಆಡ್ಕೊಳ್ಳಲಿ. ಅಷ್ಟು ಜನದಲ್ಲಿ ಎಷ್ಟು ಮನೇಲಿ ಮಕ್ಕಳಿದಾವೋ" ಎಂದರು.

ಅವರಿಂದ ಬರೆಯಲಾಗುವುದಿಲ್ಲ. ಮುಂದಿನದು ಅವರು ಹೇಳಿ ಬರೆಸಿದ್ದು, ಒಂದಕ್ಷರ ಬದಲಿಸಿಲ್ಲ:

"ಕ್ಲಿಫರ್ಡ್, ನಗೋವಾಗ ಮಾತಾಡಿದ್ರೆ ಯಾರಿಗೂ ಕೇಳಿಸಲ್ಲ. ಎಲ್ಲಿ ನಗ್ತಾರೆ, ಎಲ್ಲಿ ನಿಲ್ಲಿಸ್ತಾರೆ ನಿಂಗೆ ಗೊತ್ತಿರುತ್ತೆ. ನಿನ್ನ ಕೆಲಸಾನೇ ಅದು. ನಾನು ಯಾವಾಗ ಹೇಳ್ಬೇಕು ಅಂತ ಬರೆದು ತಿಳಿಸು."

ಎಡ್ನಾ


ಲಂಡನ್
ನವೆಂಬರ್ 17, 1949

ಅಪ್ಪ,

ತೂತಿನಲ್ಲಿ ಮುಖ ಬಂದಾಗ ಏಳಬೇಡಿ. ಆಗ ಏನು ಹೇಳಿದರೂ ಮುಳುಗುತ್ತದೆ. ಬಿಳಿ ಉಂಗುರ ಕಾಣುವವರೆಗೆ ಕಾಯಲೂ ಬೇಡಿ. ನಮ್ಮ ಎಚ್ಚರಿಕೆಯ ಮಾತು ಮುಳುಗಿದ್ದೇ ಆ ನಗುವಿನಲ್ಲಿ. ಅದನ್ನು ಅಲ್ಲಿ ಇಟ್ಟವನು ನಾನು.

ಅವೆರಡರ ನಡುವೆ ಪಡ್ಡಿಫುಟ್ ಕನ್ನಡಕ ತೆಗೆದು ಕರ್ಚೀಫು ಹುಡುಕುತ್ತಾನೆ. ಅವನ ಕೈ ಎಡಜೇಬಿಗೆ ಹೋದಾಗ ಎದ್ದು ನಿಲ್ಲಿ. ಬಲಜೇಬಿಗೆ ಹೋಗುವ ಹೊತ್ತಿಗೆ ನಗು ತಗ್ಗಿರುತ್ತದೆ, ಜನ ಉಸಿರು ತೆಗೆದುಕೊಳ್ಳುತ್ತಿರುತ್ತಾರೆ. ಆಗ ಹೇಳಿ. ಮದ್ದು ಎಂಬ ಮಾತಿನಿಂದ ಶುರುಮಾಡಬೇಡಿ, ಅವರಿಗೆ ತಿಳಿಯುವುದಿಲ್ಲ. ಅವಳ ಹೆಸರಿನಿಂದ ಶುರುಮಾಡಿ.

ನಾಳೆಯ ರೈಲಿಗೆ ಬರುತ್ತೇನೆ. ಶನಿವಾರ ನಿಮ್ಮ ಪಕ್ಕದಲ್ಲಿ ಹಾಳೆ ನಾನು ಹಿಡಿದುಕೊಳ್ಳುತ್ತೇನೆ.

ಆ ಜಾಗದಲ್ಲಿ ಸಂಗೀತವಿಲ್ಲ, ಮಾತಿಲ್ಲ, ಏನೂ ಇಲ್ಲ. ಒಂದು ವಾಕ್ಯಕ್ಕೆ ಹೊತ್ತು ಸಿಗುತ್ತದೆ.

ನಿಮ್ಮ ಮಗ
ಕ್ಲಿಫರ್ಡ್